ಅಜ್ಜನ ಮಲಾಯಿಗೆ ಬಿದ್ದ ಬೀಗ

ಗಂಗೆಯ ಪಶ್ಚಿಮ ತೀರದ ಸಕಲ ನಾಡಿಗಳ ಅಧಿಪತಿಗಳೂ, ಸಿರಿಂಜುಪಾಣಿಗಳೂ, ಸಮಸ್ತ ಕಾಶೀವಾಸಿಗಳ ಕೊಬ್ಬಿನ ಸರ್ವಾಧಿಕಾರಿಗಳೂ, ಹೃದ್ರೋಗ ವಂಶವಾಹಿ ಸಂಶೋಧನಾ ಘಟಕದ ಮುಖ್ಯಸ್ಥರೂ ಆದ ಮಾನ್ಯರೇ,

ತಾವು ಕಳುಹಿಸಿದ ರಕ್ತಪರೀಕ್ಷೆಯ ಒಂದೇ ಒಂದು ಹಾಳೆಯಿಂದಾಗಿ ನಮ್ಮ ಅಜ್ಜನಿಗೆ ಮೂರು ವಾರಗಳಿಂದ ಹಾಲಿನ ಕೆನೆಯ ಮಲಾಯಿ ಇಲ್ಲ. ಕಾಶಿಯ ಕನ್ನಡಿಗರ ಮಠದ ಎಪ್ಪತ್ತೆಂಟು ವರ್ಷದ ಅರ್ಚಕರಾದ ಅವರು ಬೆಳಗಿನ ಪೂಜೆ ಮುಗಿಸಿ, ಬಂಗಾಲಿ ಟೋಲಾದ ಹಾಲಿನಂಗಡಿಯ ಮುಂದೆ ಕೈ ಹಿಂದೆ ಕಟ್ಟಿ ನಿಂತು, ಬೇರೆಯವರ ಕೈಯ ಕುಲ್ಹಡ್ ಎಂಬ ಮಣ್ಣಿನ ಕುಡಿಕೆ ನೋಡುತ್ತಾರೆ. ಶಿವಲಿಂಗವನ್ನೂ ಅವರು ಅಷ್ಟು ಏಕಾಗ್ರತೆಯಿಂದ ನೋಡಿದ್ದು ನಾನು ಕಂಡಿಲ್ಲ.

"ಪಂಡಿತ್‌ಜೀ, ಥೋಡಾ ಚಖ್ ಲೀಜಿಯೇ" ಎಂದು ಅಂಗಡಿಯವನು ರುಚಿ ನೋಡಲು ಕರೆದರೆ, ಹಿಂದಿನಿಂದ ನಮ್ಮವ್ವ ಕಮಲಾದೇವಿ, "ಮಾವಾರ, ಹಾಳ್ಯಾಗ ಏನ್ ಬರದಾರ ನೆನಪೈತಿಲ್ಲೋ?" ಎನ್ನುತ್ತಾಳೆ. ಅಜ್ಜ ನನ್ನ ಕಡೆ ತಿರುಗಿ, "ಆ ಹಾಳಿ ಬರದಾಂವ ಒಮ್ಮೆರೆ ಮಲಾಯಿ ತಿಂದಾನೇನಲೇ?" ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ತಮ್ಮ ಘನ ಸನ್ನಿಧಾನಕ್ಕೆ ಹಾಗೆಯೇ ದಾಟಿಸುತ್ತಿದ್ದೇನೆ.

ಹಾಳೆಯಲ್ಲಿರುವುದಾದರೂ ಏನು? ರಕ್ತದ ಕೊಬ್ಬನ್ನು ಒಳಗೆ ಎಳೆದುಕೊಳ್ಳುವ ಬಾಗಿಲುಗಳು ಯಕೃತ್ತಿನಲ್ಲಿವೆಯಂತೆ. ನಮ್ಮ ವಂಶದಲ್ಲಿ ಅವುಗಳಲ್ಲಿ ಅರ್ಧ ಹುಟ್ಟಿನಿಂದಲೇ ಜಾಮಂತೆ. ಆದ್ದರಿಂದ ಅಜ್ಜನ ಕೊಲೆಸ್ಟರಾಲ್ ಮುನ್ನೂರ ನಲವತ್ತೆಂಟಂತೆ. ಇರಲಿ. ನಮ್ಮಪ್ಪ ನಲವತ್ತೊಂದನೆಯ ವಯಸ್ಸಿಗೆ ಎದೆ ಹಿಡಿದುಕೊಂಡು ದಶಾಶ್ವಮೇಧ ಘಾಟಿನ ಮೆಟ್ಟಿಲ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ತಾವು ನಮ್ಮ ಮನೆ ಹುಡುಕಿಕೊಂಡು ಬಂದದ್ದೂ ಅದಕ್ಕೇ. ಅದರಲ್ಲಿ ತಮಾಷೆಯಿಲ್ಲ.

ಆದರೆ ಅಜ್ಜ? ದಿನಕ್ಕೆರಡು ಸಲ ಕೇದಾರ ಘಾಟ್ ಇಳಿದು ಹತ್ತುತ್ತಾರೆ, ದಾರಿಯುದ್ದಕ್ಕೂ ನನ್ನನ್ನು ಬೈಯುವಷ್ಟು ಉಸಿರು ಉಳಿಸಿಕೊಂಡೇ. ಇದನ್ನು ಕಂಡ ತಮಗೆ ಪರೀಕ್ಷೆಯಲ್ಲೇ ಎಲ್ಲೋ ಎಡವಟ್ಟಾಗಿದೆ ಅನ್ನಿಸಿತೇ? ಛೇ, ವಿಜ್ಞಾನಿಗಳಿಗೆ ಅದು ಶೋಭೆಯೇ? ಅಜ್ಜನಲ್ಲಿ ಹೃದಯ ಕಾಯುವ ಇನ್ನೊಂದು ಅಪರೂಪದ ವಂಶವಾಹಿ ಇರಲೇಬೇಕೆಂದು ಊಹಿಸಿ, ವಿದ್ವಾಂಸರ ಸಭೆಯಲ್ಲಿ ಅವರ ಫೋಟೊವನ್ನು ಪರದೆ ತುಂಬ ತೋರಿಸಿದಿರಿ. ವಿಭೂತಿ ಸಮೇತ. ಈಗ ಪ್ರಬಂಧವೂ ಅಚ್ಚಿಗೆ ಹೋಗುತ್ತಿದೆಯಂತೆ.

ಪ್ರಬಂಧವನ್ನು ತಡೆಯಿರಿ. ಅಜ್ಜನ ರಕ್ತವನ್ನು ಹೊಸದಾಗಿ ತೆಗೆದು ನೋಡಿ. ಅದು ನೆಟ್ಟಗಿದ್ದರೆ, ಮೊಹರು ಸಮೇತ ಮಲಾಯಿಗೆ ಅಪ್ಪಣೆ ಕೊಡಿ. ಮೊಹರಿಲ್ಲದಿದ್ದರೆ ಅವ್ವ ನಂಬುವುದಿಲ್ಲ.

ಎಡವಟ್ಟಾಗಿದೆಯೆಂದು ಇಷ್ಟು ಖಾತರಿಯಾಗಿ ಹೇಗೆ ಹೇಳುತ್ತೇನೆಂದರೆ, ಅಜ್ಜನಿಗೆ ಸೂಜಿ ಕಂಡರೆ ಆಗದು. ತಮ್ಮ ಸಹಾಯಕರು ನಮ್ಮ ಪಡಸಾಲೆಯಲ್ಲಿ ಕುಳಿತು "ಶಿವಮೂರ್ತಯ್ಯ" ಎಂದು ಕೂಗುವ ಹೊತ್ತಿಗೆ ಅವರು ಹಿಂಬಾಗಿಲಿನಿಂದ ಮಠ ಸೇರಿದ್ದರು. ಸೂಜಿಗೆ ಹೆದರಿ ಓಡಿದ್ದನ್ನು ಸೊಸೆಯೆದುರು ಒಪ್ಪಿಕೊಳ್ಳಲಾರದೆ ಅವರೂ ಇದುವರೆಗೆ ಬಾಯಿ ಬಿಟ್ಟಿಲ್ಲ. ನಮ್ಮಲ್ಲಿ ಮೊದಲ ಮೊಮ್ಮಗನಿಗೆ ಅಜ್ಜನ ಹೆಸರನ್ನೇ ಇಡುತ್ತಾರೆ. ಕೂಗಿದ ಹೆಸರಿಗೆ ನಾನೇ ಹೋಗಿ ತೋಳು ಚಾಚಿದೆ; ಪಟ್ಟಿಯಿಂದ ಯಾರೂ ಕಣ್ಣೆತ್ತಲಿಲ್ಲ. ಸ್ವಂತ ಸರದಿ ಬಂದಾಗ, ಖಾಲಿ ಹೊಟ್ಟೆಯಲ್ಲಿಲ್ಲ, ಕಚೋರಿ ತಿಂದುಬಿಟ್ಟಿದ್ದೇನೆಂದು ತಪ್ಪಿಸಿಕೊಂಡೆ. ಒಳ್ಳೆಯ ತಮಾಷೆ ಅನ್ನಿಸಿತ್ತು.

ಆ ಮುನ್ನೂರ ನಲವತ್ತೆಂಟು ನನ್ನದು. ಅವ್ವನಿಗಿನ್ನೂ ಹೇಳಿಲ್ಲ. ಈ ಪತ್ರದ ಪ್ರತಿ ನೇರ ತಮ್ಮ ಕೈಗೆ ಬಂದಿದೆ; ಇದು ಅಚ್ಚಾಗುವ ಕನ್ನಡ ಪತ್ರಿಕೆ ಅಂಚೆಯಲ್ಲಿ ಕಾಶಿಯ ನಮ್ಮ ಮನೆ ಮುಟ್ಟಲು ನಾಲ್ಕು ದಿನ ಬೇಕು. ಅಷ್ಟರೊಳಗೆ ದಯವಿಟ್ಟು ನನ್ನನ್ನು ಕರೆಸಿಕೊಳ್ಳಿ.

ಇಂತಿ,
ಅಂಗಿಯ ತೋಳು ಮಡಿಚಿಕೊಂಡು ಕಾದಿರುವ
ಶಿವಮೂರ್ತಯ್ಯ (ಕಿರಿಯ), ವಯಸ್ಸು ಇಪ್ಪತ್ತೆರಡು,
ಮೂರು ವಾರಗಳಿಂದ ಅಜ್ಜನ ಪಾಲಿನ ಮಲಾಯಿಯನ್ನೂ ತಿಂದವನು

ವಾರಾಣಸಿ, ಡಿಸೆಂಬರ್ ೨೦೦೬