ನಡುವೆ ಹಳದಿ ಕಾಣುವ ಸ್ಯಾಂಡ್‌ವಿಚ್

ಸೋಮವಾರ, ಮಾರ್ಚ್ ೧೭

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದದ್ದರಲ್ಲಿ ಅರ್ಧ ವಾಪಸು ತಗೋ, ಶಾಲೆಯ ಯೂನಿಫಾರಂ ಹೊಲಿಯುವ ಕಾಲವಿದು, ಬಟ್ಟೆ ಕತ್ತರಿಸುವ ನನ್ನಂಥ ಕಟಿಂಗ್ ಮಾಸ್ತರನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಉಳಿದರ್ಧಕ್ಕೆ ನನ್ನ ಸೋಮಾರಿತನವೇ ಕಾರಣ. ಭಾವನ ಮಂಡಿನೋವು ಹೇಗಿದೆ? ನಾನು ಆರಾಮಾಗಿದ್ದೇನೆ. ಈಗ ಊಟದ ಬಿಡುವು, ಬಟ್ಟೆ ಹಾಸಿದ ಮೇಜಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನೀನು ಗುಬ್ಬಿಯ ವಿಷಯ ಕೇಳಿದ್ದೆ. ನಿನ್ನ ಸೋದರಸೊಸೆಗೆ ಎಂಟು ತುಂಬಿತು, ಬಾಯಿ ಮಾತ್ರ ಎಂಬತ್ತರದು. ಭಾನುವಾರ ಭಾನುವಾರ ಅವಳಮ್ಮನ ಮನೆಯಿಂದ ನನ್ನ ಹತ್ತಿರ ಬರುತ್ತಾಳೆ. ಆದರೆ ಇತ್ತೀಚೆಗೆ ಮಧ್ಯಾಹ್ನವಾಗುವುದರೊಳಗೆ ಬಾಗಿಲ ಕಡೆ ನೋಡಲು ಶುರುಮಾಡುತ್ತಿದ್ದಳು. ಅವಳಮ್ಮ ಫೋನ್ ಮಾಡಿ, "ಅವಳಿಗೆ ಬೇಜಾರಾಗ್ತಿದೆ ಅಂದ್ರೆ ಎಳಕೊಂಡು ಬರೋಕಾಗಲ್ಲ. ವಾರ ಬಿಟ್ಟು ವಾರ ಮಾಡೋಣ" ಎಂದಳು. ಜಗಳದ ದನಿಯೇನೂ ಅಲ್ಲ. ಆದರೆ ನನಗೆ ಸಿಗುವುದೇ ವಾರಕ್ಕೊಂದು ದಿನ. ಅದೂ ಅರ್ಧವಾದರೆ ಇವಳು ನನಗೆ ಯಾರೋ ನೆಂಟರ ಮಗುವಾಗಿಬಿಡುತ್ತಾಳೆ.

ಗುಬ್ಬಿಯನ್ನು ಏನು ತಿಂತೀಯ ಎಂದು ಕೇಳಿದ್ದಕ್ಕೆ "ಜಪಾನಿ ಮೊಟ್ಟೆ ಸ್ಯಾಂಡ್‌ವಿಚ್" ಎಂದಳು. ಆ ಮನೆಯಲ್ಲಿ ಅದನ್ನು ಮಾಡಿಕೊಡುವುದು ಕನ್ನಡಕದಂಗಡಿಯವನಂತೆ. ಅದೇ, ಅವಳಮ್ಮ ಈಗ ಮದುವೆಯಾಗಿರುವವನು. ಒಳ್ಳೆಯ ಮನುಷ್ಯ, ನನಗೆ ಕಷ್ಟವಾಗಿರುವುದೂ ಅದೇ. ಕೆಟ್ಟವನಾಗಿದ್ದರೆ ಬೈದುಕೊಂಡು ನೆಮ್ಮದಿಯಾಗಿರುತ್ತಿದ್ದೆ.

ಅವನು ಮಾಡುವುದನ್ನು ನಾನು ಮಾಡಲಾರೆನೇ ಎಂದು ಹಠ ಹಿಡಿದೆ. ಮೊದಲ ಸಲ ಬೆಂದ ಮೊಟ್ಟೆಗಳನ್ನೆಲ್ಲ ಒಟ್ಟಿಗೆ ಕಿವುಚಿ, ಮೇಯನೇಸ್ ಧಾರಾಳವಾಗಿ ಸುರಿದೆ. ಗುಬ್ಬಿ ಒಂದು ತುತ್ತು ಕಚ್ಚಿ, "ಬ್ರೆಡ್ಡಿಗೆ ನೆಗಡಿಯಾಗಿದೆ ಅಪ್ಪ" ಎಂದಳು. ಆಮೇಲೆ ಸ್ಟೂಲಿನ ಮೇಲೆ ಕೂತು ಪಾಠ ಶುರುಮಾಡಿದಳು. "ಹಳದಿ ಬೇರೆ ಮಾಡು, ಬಿಳೀದು ಬೇರೆ. ಹಳದೀಗೆ ಮೇಯನೇಸ್, ಚಿಟಿಕೆ ಸಕ್ಕರೆ, ಒಂದ್ ಚೂರು ಹಾಲು ಹಾಕಿ ನುಣ್ಣಗೆ ಕಲಸು. ಬಿಳೀದನ್ನ ಹೆಚ್ಚಿ ಹಾಕು, ಕಿವುಚ್ಬೇಡ. ಬ್ರೆಡ್ಡಿನ ಅಂಚು ತೆಗೆದುಬಿಡು. ಇನ್ನೊಂದು ಮೊಟ್ಟೆ ಮೆತ್ತಗೆ ಬೇಯ್ಸಿ, ಅರ್ಧ ಮಾಡಿ ನಡುವೆ ಇಡು. ಕತ್ತರಿಸಿದ್ರೆ ಹಳದಿ ಗುಂಡಗೆ ಕಾಣ್ಬೇಕು. ಅಂಕಲ್ ಮಾಡಿದ್ರೆ ಕಾಣುತ್ತೆ."

ನಾನು ಮಾಡಿದ್ದರಲ್ಲಿ ಕಾಣಲಿಲ್ಲ. ಗೇಣೆತ್ತರಕ್ಕೆ ಪೇರಿಸಿದ ಬಟ್ಟೆಯನ್ನು ಗೆರೆ ತಪ್ಪದೆ ಕತ್ತರಿಸುವವನು ಎರಡು ತುಂಡು ಬ್ರೆಡ್ಡಿನ ಮುಂದೆ ಸೋತೆ! ಮೇಲಿನ ತುಂಡು ಮುಚ್ಚಿದ ಮೇಲೆ ಮೊಟ್ಟೆ ಎಲ್ಲಿದೆಯೆಂದೇ ತಿಳಿಯುವುದಿಲ್ಲ, ಚಾಕು ಪಕ್ಕದಲ್ಲಿ ಹಾದುಹೋಯಿತು. ಬ್ರೆಡ್ಡಿನ ಮೇಲೆ ಸೀಮೆಸುಣ್ಣದ ಗೆರೆ ಹಾಕುವಂತಿಲ್ಲವಲ್ಲ.

ನಿನ್ನೆ ಮೊಟ್ಟೆಯ ಹೋಳುಗಳನ್ನು ಒಂದೇ ಸಾಲಿನಲ್ಲಿಟ್ಟು, ಸಾಲಿನ ಎರಡು ತುದಿಗೂ ಅಂಚಿನಿಂದಾಚೆ ಕಾಣುವಂತೆ ಹಲ್ಲುಕಡ್ಡಿ ಚುಚ್ಚಿದೆ. ಮೇಲಿನ ತುಂಡು ಮುಚ್ಚಿ, ಒದ್ದೆ ಬಟ್ಟೆ ಸುತ್ತಿ, ಮೇಲೊಂದು ತಟ್ಟೆ ಹೇರಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟೆ. ಕಡ್ಡಿಯಿಂದ ಕಡ್ಡಿಗೆ ಚಾಕು ಎಳೆದೆ ನೋಡು, ನಟ್ಟ ನಡುವೆ ಹಳದಿ! ಗುಬ್ಬಿ ಕುಣಿದಳು. ಎರಡು ತಿಂದಳು. ಚೂರುಬಟ್ಟೆಯಲ್ಲಿ ಗೊಂಬೆಗೆ ಅಂಗಿ ಹೊಲಿಸಿಕೊಂಡು, ಕತ್ತಲಾಗುವವರೆಗೂ ಮನೆಯ ಮಾತೆತ್ತಲಿಲ್ಲ. "ಮುಂದಿನ ಭಾನುವಾರ ಬೇಗ ಬರ್ತೀನಿ" ಎಂದು ತಾನೇ ಹೇಳಿದಳು. ಕರೆದೊಯ್ಯಲು ಬಂದ ಅವಳಮ್ಮನೂ ಕೇಳಿಸಿಕೊಂಡಳು, ವಾರ ಬಿಟ್ಟು ವಾರದ ಮಾತು ಅಲ್ಲಿಗೆ ಬಿದ್ದುಹೋಯಿತು. ನನಗಾದ ಸಂತೋಷ ಎಷ್ಟೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ನೀನು ಬಂದಾಗ ನಿನಗೂ ಮಾಡಿಕೊಡುತ್ತೇನೆ. ಮೆತ್ತಗಿರುತ್ತದೆ, ಭಾವನ ಹೊಸ ಹಲ್ಲುಸೆಟ್ಟಿಗೂ ಏನೂ ತೊಂದರೆಯಿಲ್ಲ. ಮಕ್ಕಳಿಗೆ ಈ ಮಾವನ ಆಶೀರ್ವಾದ ತಿಳಿಸು, ನನಗೆ ನಿನ್ನದು ಇರಲಿ.

ನಿನ್ನ ಸೆರಗು ಹಿಡಿದು ಬೆಳೆದ
ತಮ್ಮ

ತಾ.ಕ.: ಹೊರಡುವಾಗ ಗುಬ್ಬಿ, ಉಳಿದ ಒಂದನ್ನು ಕಟ್ಟಿಕೊಡು ಎಂದಳು. ಯಾರಿಗೆ ಎಂದೆ. "ಅಪ್ಪಂಗೆ. ಅಂಗಡಿ ಮುಚ್ಕೊಂಡು ಬರೋ ಹೊತ್ತಿಗೆ ತುಂಬ ಹಸಿದಿರ್ತಾರೆ" ಎಂದಳು. ತಾನು ಏನಂದೆನೆಂಬ ಪರಿವೆಯೂ ಅವಳಿಗಿರಲಿಲ್ಲ, ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಅವಳಮ್ಮ ಗೋಡೆ ನೋಡಿದಳು. ನಾನು ಕಾಗದದಲ್ಲಿ ಸುತ್ತಿ, ಬಿಚ್ಚಿಕೊಳ್ಳದ ಹಾಗೆ ದಾರ ಕಟ್ಟಿ ಕೊಟ್ಟೆ. ತುಂಬ ನೋವಾಯಿತು ಅಕ್ಕ. ಫೋನ್ ಮಾಡಿದಾಗ ಈ ಮಾತು ಎತ್ತಬೇಡ, ಇಲ್ಲಿ ಕೆಲಸದ ಜಾಗದಲ್ಲಿ ಎಲ್ಲರ ಮುಂದೆ ಅತ್ತುಬಿಡುತ್ತೇನೆ.