ನಾಲ್ಕರ ನಂತರದ ನೆರಳು

ಜಾಡರ ಓಣಿ, ವಿಜಯಪುರ
ಮೂರನೆಯ ಮಿರಗದ ಒಂಬತ್ತನೆಯ ದಿನ, 2294

ಪ್ರೀತಿಯ ನಸೀಮಕ್ಕ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮಿರಗದ, ಅಂದರೆ ಮೃಗಶಿರದ ಮಳೆ ಹೊತ್ತಿಗೆ ಬಾರದಿದ್ದರೆ ಮಿರಗವನ್ನೇ ಮತ್ತೊಮ್ಮೆ ಎಣಿಸುತ್ತೇವೆ. ಮಳೆಗೆ ಮುಜುಗರವಾಗಬಾರದೆಂದು ಪಂಚಾಂಗವನ್ನೇ ತಡೆದು ನಿಲ್ಲಿಸುವ ಊರು ಇದು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಬಹುದು. ನಿಮ್ಮ ಕಾಲದ ಮಾತನ್ನು ನಿಮ್ಮ ಬರಹದಿಂದಲೇ ಕಲಿತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ವಯಸ್ಸಿನಲ್ಲಿ ನಾನು ನಿಮಗಿಂತ ದೊಡ್ಡವಳಿರಬೇಕು, ಕಾಲದಲ್ಲಿ ನೀವು ನನಗಿಂತ ಬಹಳ ಹಿರಿಯರು. ಇಬ್ಬರಿಗೂ ಸಲ್ಲಲಿ ಎಂದು ಅಕ್ಕ ಎಂದಿದ್ದೇನೆ. ನನ್ನ ಹೆಸರು ನೀಲಗಂಗಾ, ಕೆಲಸ ಜಾಲಮನೆಯಲ್ಲಿ. ನಿಮ್ಮ ಕಾಲದವರು ಅಂತರ್ಜಾಲದಲ್ಲಿ ಬಿಟ್ಟುಹೋದ ಪುಟಗಳನ್ನು ಓಣಿಗಿಷ್ಟೆಂದು ಹಂಚಿಕೊಂಡು ಜೋಪಾನ ಮಾಡುತ್ತೇವೆ. ಅವನ್ನು ಇಟ್ಟ ಮನೆಯೇ ಜಾಲಮನೆ. ನಮ್ಮ ಓಣಿಯ ಪಾಲಿಗೆ ಬಂದದ್ದು ನೀವು ನೌಕರಿಯ ಬಿಡುವಿನಲ್ಲಿ ಕಟ್ಟಿದ ‘ಊರ ನೆರಳು’ ಎಂಬ ವೆಬ್‌ಸೈಟು, ಊರಿನಲ್ಲಿ ಎಲ್ಲೆಲ್ಲಿ ನೆರಳು ಸಿಗುತ್ತದೆಂದು ತೋರಿಸುವ ನಕಾಶೆ.

ಊರು ಈಗ ಹೇಗಿದೆ ಎಂದು ನಿಮಗೆ ಕೇಳಬೇಕೆನಿಸಬಹುದು. ಗೋಳಗುಮ್ಮಟ ಇದ್ದಲ್ಲೇ ಇದೆ, ಈಗಲೂ ಒಂದು ಮಾತಿಗೆ ಏಳು ಮಾತು ಆಡುತ್ತದೆ. ಬೆಳಗಿನ ಗಂಜಿ ಕುಡಿದು ಮುಗಿಸುವಷ್ಟರಲ್ಲಿ ಉರಿಹೊತ್ತು ಶುರುವಾಗುತ್ತದೆ. ಉರಿಹೊತ್ತೆಂದರೆ ಯಾರೂ ಬಯಲಿಗೆ ಕಾಲಿಡದ ಹೊತ್ತು. ಆಗ ಇಡೀ ಓಣಿ ಹಳೆಯ ಬಾವಡಿಯೊಳಗೆ ಇಳಿದು ಮೆಟ್ಟಿಲುಗಳ ಮೇಲೆ ಮಲಗುತ್ತದೆ. ನೀರಿನ ಹತ್ತಿರದ ಮೆಟ್ಟಿಲು ಬಸುರಿಯರಿಗೆ ಮತ್ತು ಮುದುಕರಿಗೆ, ಮೇಲಿನವು ಜಗಳಗಂಟರಿಗೆ. ತಲೆಯ ಮೇಲೆ ಬಾವಡಿಯ ಬಾಯಿಗೆ ಕಟ್ಟಿದ ದೊಡ್ಡ ಬಟ್ಟೆ ಗಾಳಿಗೆ ಉಬ್ಬುತ್ತ ಇಳಿಯುತ್ತ ಇರುತ್ತದೆ. ಅದಕ್ಕೆ ತೂಗುನೆರಳು ಎನ್ನುತ್ತೇವೆ. ಅದರ ನೀಲಿ ಬೆಳಕಿನಲ್ಲಿ ಮಲಗಿದವರ ಮುಖಗಳೆಲ್ಲ ನೀರಿನಡಿ ಇದ್ದಂತೆ ಕಾಣುತ್ತವೆ. ಎದ್ದಮೇಲೆ ಕನಸನ್ನು ಪಕ್ಕದವರಿಗೆ ಹೇಳಿಯೇ ಮೆಟ್ಟಿಲು ಹತ್ತಬೇಕೆಂಬುದು ರೂಢಿ. ಹೆಚ್ಚಿನವರ ಕನಸಿನಲ್ಲಿ ಗಿಡ ಬರುತ್ತದೆ. ನಮ್ಮ ಓಣಿಯಲ್ಲಿ ಒಂದೂ ಗಿಡವಿಲ್ಲ. ಹೀಗಾಗಿ ಒಬ್ಬೊಬ್ಬರ ಕನಸಿನ ಗಿಡ ಒಂದೊಂದು ನಮೂನೆ ಇರುತ್ತದೆ, ಯಾರದು ಸರಿ ಎಂದು ಸಂಜೆಯವರೆಗೆ ವಾದ ನಡೆಯುತ್ತದೆ.

ಈಗ ನಿಮ್ಮ ವೆಬ್‌ಸೈಟಿಗೆ ಬರುತ್ತೇನೆ. ಅದನ್ನು ತೆರೆದರೆ ಕಾಣುತ್ತಿದ್ದುದು ಒಂದೇ ಚಿತ್ರ: ಗುದ್ದಲಿ ಹಿಡಿದು ನೆಲ ಅಗೆಯುತ್ತಲೇ ಇರುವ ಒಬ್ಬ ಪುಟ್ಟ ಮನುಷ್ಯ, ಕೆಳಗೆ ‘ಹೊಸದಾಗಿ ಕಟ್ಟುತ್ತಿದ್ದೇನೆ, ದಯವಿಟ್ಟು ಸ್ವಲ್ಪ ದಿನ ಕಾಯಿರಿ’ ಎಂಬ ನಿಮ್ಮ ಮಾತು. ಕಾದೆವು, ನಸೀಮಕ್ಕ. ಮಾತು ಕೊಟ್ಟವರು ಬರುವವರೆಗೆ ಅವರ ಅರ್ಧ ಕೆಲಸಕ್ಕೆ ಬೇರೆಯವರು ಕೈ ಹಾಕಬಾರದೆಂಬುದು ನಮ್ಮ ಹಿರಿಯರು ಹಾಕಿದ ಕಟ್ಟಳೆ. ನೇಕಾರ ಬಿಟ್ಟೆದ್ದ ಮಗ್ಗವನ್ನು ಇನ್ನೊಬ್ಬ ಮುಟ್ಟುತ್ತಿರಲಿಲ್ಲವಲ್ಲ, ಅಲ್ಲಿಂದ ಬಂದದ್ದಂತೆ. ಅಮಾವಾಸ್ಯೆಗೊಮ್ಮೆ ಪಾಳಿಯ ಮನೆಯವರು ಪುಟ ತೆರೆದು ನಿಮ್ಮ ಮಾತನ್ನು ಗಟ್ಟಿಯಾಗಿ ಓದುವುದು, ಇನ್ನೂ ಆಗಿಲ್ಲವೆಂದು ಸಾರುವುದು, ಎಲ್ಲರಿಗೂ ಚುರುಮರಿ ಹಂಚುವುದು. ಅಗೆಯುವ ಮನುಷ್ಯನಿಗೆ ಮಕ್ಕಳು ಗುದ್ದಲೆಪ್ಪ ಎಂದು ಹೆಸರಿಟ್ಟರು. ಹಾಗೆ ಹೆಸರಿಟ್ಟ ಮಕ್ಕಳು ಮುದುಕರಾಗಿ ತೀರಿಹೋದರು, ಗುದ್ದಲೆಪ್ಪ ಅಗೆಯುತ್ತಲೇ ಇದ್ದ. ಇವತ್ತಿಗೂ ಯಾರ ಮನೆಯ ಮದುವೆ ತಡವಾದರೂ ‘ನಸೀಮಕ್ಕನ ಸ್ವಲ್ಪ ದಿನ ಆತು ನೋಡು’ ಎಂದು ನಗುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ಗಾದೆಯಲ್ಲಿ ಜಾಗ ಸಿಗುವುದು ಸಣ್ಣ ಮಾತಲ್ಲ.

ಹೀಗೇ ಇನ್ನೂ ನಾಲ್ಕು ತಲೆಮಾರು ಕಾಯುತ್ತಿದ್ದೆವೋ ಏನೋ. ಅಷ್ಟರಲ್ಲಿ ನನ್ನ ಸೋದರತ್ತೆ ಶಾವಂತ್ರೆವ್ವನ ಕುಂಡದಲ್ಲಿ ಬೇವಿನ ಸಸಿಯೊಂದು ಹುಟ್ಟಿತು. ದೂರದ ಊರಿಂದ ಬಂದ ಯಾರೋ ಕೊಟ್ಟ ಬೀಜ. ತಾನು ಕುಡಿಯುವ ನೀರಿನಲ್ಲೇ ಪಾಲು ಕೊಟ್ಟು ಅದನ್ನು ಮೊಣಕಾಲುದ್ದ ಬೆಳೆಸಿದಳು. ಅದಕ್ಕೆ ಕುಂಡ ಸಾಲದಾಯಿತು, ಬೇರು ಗೋಡೆಗೆ ಬಡಿದು ಸುತ್ತಿಕೊಳ್ಳುತ್ತಿತ್ತು, ಎಲೆ ತುದಿಯಿಂದ ಒಣಗತೊಡಗಿತು. ನೆಲಕ್ಕೆ ಹಾಕೋಣವೆಂದರೆ ನೀರಪಾಲು ಬೇಕು. ಹಿಂದೆ ಗಿಡ ನಿಂತಿದ್ದ ಜಾಗಕ್ಕೆ ಮಾತ್ರ ಊರಿನ ನೀರು ಹಂಚುವ ನೀರಸಭೆಯವರು ನೀರಪಾಲು ಬರೆದುಕೊಡುತ್ತಾರೆ. ಹಳೆಯ ಬೇರು ಹೋದ ದಾರಿ ಮಣ್ಣಿನೊಳಗೆ ಇನ್ನೂ ಸಡಿಲವಿರುತ್ತದೆ, ಅಲ್ಲಿ ಗಿಡ ಬೇಗ ಹತ್ತುತ್ತದೆ ಎಂಬುದು ಅವರ ನಂಬಿಕೆ. ನಮ್ಮ ಓಣಿಯಲ್ಲಿ ಎಲ್ಲಿ ಗಿಡವಿತ್ತೆಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಹೇಳಬಲ್ಲದ್ದು ಗುದ್ದಲೆಪ್ಪನ ಬೆನ್ನ ಹಿಂದಿತ್ತು.

ಪುಟವನ್ನು ಬಿಚ್ಚಿ ಹೊಸದಾಗಿ ಕಟ್ಟೋಣವೆಂದು ಅತ್ತೆ ಓಣಿಯ ಮುಂದೆ ಕೇಳಿದಳು. ಹಿರಿಯರು ಒಪ್ಪಲಿಲ್ಲ. ತಾಳಿದವನು ಬಾಳಿಯಾನು ಎಂದರು. ನಾಳೆ ಎಂದವನ ಮನೆ ಹಾಳು ಎಂಬ ಗಾದೆಯೂ ಇದೆಯಲ್ಲ ಎಂದು ನಾನು ಅಂದೆ, ಗಾದೆಗೆ ಗಾದೆ ಹೊಡೆದರೆ ಕೆಲಸವಾಗುವುದಿಲ್ಲ ಎಂದು ನನ್ನನ್ನೇ ಕೂರಿಸಿದರು. ಆಗ ಅತ್ತೆ ಕುಂಡವನ್ನು ಎತ್ತಿ ತಂದು ಎಲ್ಲರ ನಡುವೆ ಇಟ್ಟಳು.

“ಆಕಿ ಕಾಯಿರಿ ಅಂದಾಳ, ಖರೆ. ಕೈ ಕಟಗೊಂಡು ಕುಂಡರ್ರಿ ಅಂದಿಲ್ಲ” ಎಂದಳು. “ಆಕಿ ಬರೂದ್ರಾಗ ಅಂಗಳರ ಕಸಾ ಹೊಡದಿಟ್ಟಿದ್ರ ಆಕಿಗೆ ಸಿಟ್ಟ ಬರ್ತಿತ್ತೇನು?”

ಮುಂದಿನ ಅಮಾವಾಸ್ಯೆಯಂದು ಚುರುಮರಿ ಹಂಚಲಿಲ್ಲ, ಪುಟ ಬಿಚ್ಚಿದೆವು.

ಒಳಗೆ ಏನಿತ್ತೆಂದು ನಿಮಗೆ ಗೊತ್ತು, ನಮಗೆ ಮಾತ್ರ ತಲೆ ತಿರುಗಿತು. ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿತ್ತು. ನೀವು ಬಳಸಿದ ಫಾಂಟು ನಿಮ್ಮ ಕಾಲದಲ್ಲೇ ಕಣ್ಮರೆಯಾಗಿದ್ದಿರಬೇಕು. ನಕಾಶೆ ತೆರೆಯಲು ಬೇಕಾದ ಪ್ಲಗಿನ್ನು ಯಾವ ಜಾಲಮನೆಯಲ್ಲೂ ಸಿಗಲಿಲ್ಲ. ನಾನು ಒಂದೊಂದೇ ಅಕ್ಷರ ಬಿಡಿಸಿ ಓದುವುದು, ಅತ್ತೆ ಕೇಳಿ ನೆಲದ ಮೇಲೆ ಸುಣ್ಣದಿಂದ ದಾರಿ ಎಳೆಯುವುದು, ಹೀಗೆ ಬೇಸಿಗೆಯಿಡೀ ಕೂತೆವು. ನೀವು ಎಲ್ಲಿ ಬೇಸತ್ತು ಎದ್ದಿರಿ ಎಂಬುದೂ ನನಗೆ ತಿಳಿಯುತ್ತಿತ್ತು. ಅಲ್ಲಿ ಗಂಟುಗಳು ಹೆಚ್ಚಾಗಿದ್ದವು. ಒಂದು ಕಡೆಯಂತೂ ‘ಇದನ್ನು ರಜೆಯಲ್ಲಿ ಸರಿಮಾಡಬೇಕು’ ಎಂದು ನಿಮಗೆ ನೀವೇ ಬರೆದುಕೊಂಡಿದ್ದಿರಿ. ಆ ರಜೆ ನನಗೆ ಸಿಕ್ಕಿತು, ಸರಿಮಾಡಿದ್ದೇನೆ.

ಆಮೇಲೆ ನಿಮ್ಮ ದನಿ ಬರತೊಡಗಿತು. ಕಿರಾಣಿ ಅಂಗಡಿಯ ಗೋಡೆ, ಹನ್ನೊಂದರವರೆಗೆ ಎಡಬದಿಗೆ ನಡೆಯಿರಿ. ಪೋಸ್ಟ್ ಆಫೀಸಿನ ಹುಣಸೆ, ಇಲ್ಲಿ ನಾಯಿ ಮಲಗಿರುತ್ತದೆ, ಎಬ್ಬಿಸಬೇಡಿ, ಅದರ ಪಕ್ಕ ಇಬ್ಬರಿಗೆ ಜಾಗವಿದೆ. ಒಂದು ಮೂಲೆಯಲ್ಲಿ, ಅಮ್ಮಿಗೆ ಬಿಸಿಲು ಆಗಿಬರುವುದಿಲ್ಲ, ಆಸ್ಪತ್ರೆಯ ದಾರಿಯಲ್ಲಿ ಆಕೆ ಎಲ್ಲೆಲ್ಲಿ ನಿಲ್ಲಬಹುದೆಂದು ನೋಡಲು ಇದನ್ನು ಶುರುಮಾಡಿದೆ ಎಂದಿದ್ದಿರಿ. ಅದನ್ನು ಓದಿದ ಮರುದಿನ ಉರಿಹೊತ್ತಿನಲ್ಲಿ ಬಾವಡಿಯ ಮೆಟ್ಟಿಲ ಮೇಲೆ ನನಗೆ ಕನಸು ಬಿತ್ತು. ನೀವೂ ನಿಮ್ಮ ಅಮ್ಮಿಯೂ ಒಂದು ನೆರಳಿನಿಂದ ಇನ್ನೊಂದಕ್ಕೆ ದಾಟುತ್ತ, ಹಳ್ಳದ ಕಲ್ಲಿನ ಮೇಲೆ ಕಾಲಿಟ್ಟು ಹೋಗುವವರಂತೆ, ನಿಧಾನವಾಗಿ ಹೋಗುತ್ತಿದ್ದಿರಿ. ನೀವು ತಿರುಗಿ ನೋಡಲಿಲ್ಲ. ಎದ್ದು ಅತ್ತೆಗೆ ಹೇಳಿದೆ, ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೊನೆಗೆ ನಮ್ಮ ಓಣಿಯ ಗಿಡ ಸಿಕ್ಕಿತು. ನೀವು ಬರೆದದ್ದು ಇಷ್ಟು: ‘ಜಾಡರ ಓಣಿ, ಔಷಧದ ಅಂಗಡಿ ಹತ್ತಿರದ ಬೇವಿನ ಗಿಡ. ಅಮ್ಮಿ ಇಲ್ಲಿ ಕೂತು ದಣಿವಾರಿಸಿಕೊಳ್ಳುತ್ತಾಳೆ. ನಾಲ್ಕರ ನಂತರ ನೆರಳು ಬೀಳುವುದು’. ಮುಂದೆ ಖಾಲಿ. ಇಡೀ ವೆಬ್‌ಸೈಟಿನಲ್ಲಿ ನೀವು ಕೊನೆಯದಾಗಿ ಬರೆದ ಸಾಲು ಅದೇ. ಅದಾದ ಮೇಲೆ ಗುದ್ದಲೆಪ್ಪನನ್ನು ನಿಲ್ಲಿಸಿ ಹೋಗಿದ್ದೀರಿ. ಕೆಲಸದ ಗಡಿಬಿಡಿಯಲ್ಲಿ ಬಿಟ್ಟಿರಿ ಎಂದು ನಾವು ಇಷ್ಟು ಕಾಲ ತಮಾಷೆ ಮಾಡಿದೆವು. ಆ ಸಾಲು ನೋಡಿದ ಮೇಲೆ ನನಗೆ ಹಾಗನ್ನಿಸುತ್ತಿಲ್ಲ. ಅಮ್ಮಿ ಇಲ್ಲದ ಮೇಲೆ ಆ ಗಿಡದ ಕಡೆ ಹೋಗಲು ನಿಮಗೆ ಕಾಲು ಬರಲಿಲ್ಲ ಎಂದು ತೋರುತ್ತದೆ. ನನ್ನ ಊಹೆ ತಪ್ಪಿದ್ದರೆ ನಾನೇ ಹೆಚ್ಚು ಸಂತೋಷಪಡುತ್ತೇನೆ.

ಔಷಧದ ಅಂಗಡಿಯ ಅಡಿಪಾಯ ನಮಗೆ ಸಿಕ್ಕಿದೆ. ಗಿಡ ಅದರ ಯಾವ ಬದಿಗಿತ್ತೆಂಬುದು ಗೊತ್ತಿಲ್ಲ. ನಾಲ್ಕರ ನಂತರ ನೆರಳು ಎಲ್ಲಿ ಬೀಳುತ್ತಿತ್ತೆಂದು ತಿಳಿದರೆ ಬುಡ ಎಲ್ಲಿತ್ತೆಂದು ಅತ್ತೆ ಸುಣ್ಣ ಹಾಕಿ ತೋರಿಸಬಲ್ಲಳು. ಅರ್ಧ ವಾಕ್ಯಕ್ಕೆ ನೀರಪಾಲು ಬರೆಯುವುದಿಲ್ಲ ಎಂದು ನೀರಸಭೆ ಹೇಳಿದೆ. ನಾವೇ ಏನೋ ಒಂದು ಬರೆದು ತುಂಬೋಣವೆಂದು ಕೆಲವರು ಅಂದರು, ಅತ್ತೆ ಬೇಡವೆಂದಳು. ಅಂಗಳ ಗುಡಿಸಬಹುದು, ಮನೆಯೊಡತಿಯ ಬಾಯಿಂದ ಮಾತಾಡಬಾರದು. ನಿಮ್ಮ ಪುಟದ ಅಡಿಯಲ್ಲಿ ‘ನನಗೆ ಬರೆಯಿರಿ’ ಎಂಬ ಪೆಟ್ಟಿಗೆಯಿತ್ತಲ್ಲ, ಅದನ್ನೂ ಕಟ್ಟಿ ನಿಲ್ಲಿಸಿದ್ದೇನೆ. ಪರೀಕ್ಷೆಗೆಂದು ‘ಅಕ್ಕ, ಇದ್ದೀರಾ’ ಎಂದು ಕಳಿಸಿದೆ. ಇಂಥ ವಿಳಾಸವಿಲ್ಲ ಎಂದು ಅದು ಹಿಂದಕ್ಕೆ ಬರಬೇಕಿತ್ತು, ಬರಲಿಲ್ಲ. ಅದೇ ಧೈರ್ಯದಿಂದ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ದೊಡ್ಡದಲ್ಲ. ಇಡೀ ವೆಬ್‌ಸೈಟನ್ನು ನೀವು ಮತ್ತೆ ಕಟ್ಟಬೇಕಿಲ್ಲ, ಅದನ್ನು ನಾವು ಮಾಡಿದ್ದೇವೆ. ಗುದ್ದಲೆಪ್ಪನನ್ನೂ ಬಿಡಿಸಿ ನಕಾಶೆಯ ಹುಣಸೆಯ ಕೆಳಗೆ, ನಾಯಿಯ ಪಕ್ಕ ಕೂರಿಸಿದ್ದೇನೆ, ಇಬ್ಬರಿಗೆ ಜಾಗವಿದೆ ಎಂದಿದ್ದಿರಲ್ಲ. ನೀವು ಒಂದು ದಿನ ನಾಲ್ಕರ ಮೇಲೆ ಆ ಬೇವಿನ ಗಿಡದ ಹತ್ತಿರ ಹೋಗಿ. ಅಮ್ಮಿ ಕೂರುತ್ತಿದ್ದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಅಳು ಬಂದರೆ ಅತ್ತುಬಿಡಿ. ನೆರಳು ಎಲ್ಲಿ ಬಿದ್ದಿದೆಯೆಂದು ನೋಡಿ, ಮನೆಗೆ ಬಂದು ಆ ಸಾಲು ಮುಗಿಸಿ. ನೀವು ಅಲ್ಲಿ ಬರೆದರೆ ಇಲ್ಲಿ ಕಾಣುತ್ತದೆ ಎಂದು ಅತ್ತೆ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಆ ಖಾಲಿ ಜಾಗವನ್ನೇ ನೋಡುತ್ತ ಕೂತಿದ್ದಾಳೆ.

ಈ ಸಲ ಮಳೆ ಬಂದುಬಿಟ್ಟಿದೆ, ಆದ್ದರಿಂದ ಸಸಿ ನೆಡಲು ನಾಲ್ಕನೆಯ ಮಿರಗ ಸಿಗುವುದಿಲ್ಲ. ನಮಗೆ ಕಾದು ರೂಢಿಯಿದೆ, ನಸೀಮಕ್ಕ. ಸಸಿಗೆ ಇಲ್ಲ.

ನಿಮ್ಮ,
ನೀಲಗಂಗಾ