ಅಜ್ಜನ ಕಟ್ಟೆಯಲ್ಲಿ ನೀನು ಬೇಡಿದ್ದು

ಅಮ್ಮಾ,

ಇವತ್ತು ದೂಮಪ್ಪಣ್ಣ ನಮ್ಮ ಕುಲಶೇಖರದ ಮನೆಗೆ ಬಂದಿದ್ದರು. ಗಡಿ ಜಗಳದಲ್ಲಿ ನಿನ್ನ ಮಲ್ಲಿಗೆ ಗಿಡಗಳನ್ನೆಲ್ಲ ಬುಡಕ್ಕೇ ಕಡಿದ ಅದೇ ನೆರೆಮನೆಯವರು. ಅಂದು ಕತ್ತಿ ಹಿಡಿದು ಹೊರಟ ನನ್ನನ್ನು ಬಾಗಿಲಲ್ಲೇ ತಡೆದು, ನೀನು ವೀಳ್ಯದೆಲೆ, ಚಕ್ಕುಲಿ ಹಿಡಿದು ನ್ಯಾಯ ಕೊಡುವ ದೈವ ಕೊರಗಜ್ಜನ ಕಟ್ಟೆಗೆ ನಡೆದೆ. "ಅಜ್ಜನಿಗೆ ಒಪ್ಪಿಸಿ ಆಯ್ತು. ಇನ್ನು ಅದು ನಮ್ಮದಲ್ಲ" ಎಂದೆ ನೀನು. ಅಂದಿನಿಂದ, ಅಜ್ಜ ಶಿಕ್ಷೆ ಕೊಟ್ಟು ಅವರ ಮನೆ ಹಾಳಾಗುವುದನ್ನೇ ನಾನು ಕಾಯುತ್ತಿದ್ದೆ.

"ತಪ್ಪಾಯ್ತು ಮಾರಾಯ. ನಿನ್ನಮ್ಮ ಬಾಗಿಯಕ್ಕ ತೀರಿಹೋದರು, ಅಜ್ಜನಿಗೆ ಅವರು ಕೊಟ್ಟ ದೂರನ್ನು ನೀನಾದರೂ ಹಿಂದೆ ತೆಗಿ. ನನಗೆ ನಿದ್ರೆ ಇಲ್ಲ" ಎಂದರು ದೂಮಪ್ಪಣ್ಣ.

ಇಬ್ಬರೂ ಕಟ್ಟೆಗೆ ಹೋದೆವು. ಅಲ್ಲಿ ದೀಪ ಇಡುವ ಬಾಬಣ್ಣ ನಕ್ಕರು. "ಎಂತ ದೂರು? ಬಾಗಿಯಕ್ಕ ಯಾರ ಹೆಸರೂ ಹೇಳ್ಲಿಲ್ಲ. 'ನ್ಯಾಯ ನಿನ್ನದು ಅಜ್ಜಾ, ನನ್ನ ಮಗನ ಕೈಯಿಂದ ಕತ್ತಿ ಇಳಿಸು' ಅಂತ ಮಾತ್ರ ಬೇಡಿದ್ದು."

ದೂಮಪ್ಪಣ್ಣ ಅಲ್ಲೇ ಕುಳಿತು ಅತ್ತುಬಿಟ್ಟರು. ಎಂಥ ಹೆಂಗಸು ನೀನು!

ಮನೆಗೆ ಬಂದು ಅಟ್ಟದಿಂದ ಕತ್ತಿ ತೆಗೆದೆ. ನೀನು ಮತ್ತೆ ನೆಟ್ಟು ಬೆಳೆಸಿದ ಮಲ್ಲಿಗೆಯ ಒಂದು ಗೆಲ್ಲು ಕಡಿದು, ನೆಡಲಿಕ್ಕೆಂದು ಅವರಿಗೆ ಕೊಟ್ಟೆ. ಒಂದೇ ಏಟಿಗೆ ಬಂತು. ಇಷ್ಟು ವರ್ಷವೂ ಆ ಕತ್ತಿಯನ್ನು ಮಸೆಯುತ್ತಲೇ ಇದ್ದೆ, ಅಮ್ಮಾ.